ದಲಾಲನನ್ನು ಊಟಕ್ಕೆ ಕರೆದ ಅತ್ತೆ

ನಮ್ಮತ್ತೆಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಮದುವೆಯಲ್ಲಿ ಹಾಕಿದ ಭಾರದ ಬೆಂಡೋಲೆ ವರ್ಷಗಟ್ಟಲೆ ಜಗ್ಗಿ ಒಂದು ದಿನ ಹರಿದುಕೊಂಡು ಕೆಳಗೆ ಬಿದ್ದಿತ್ತಂತೆ. ಹೊಲಿಸಿಕೊಳ್ಳಿ ಎಂದವರಿಗೆಲ್ಲ, "ಕಿವಿ ಕೇಳಸ್ತದಲ್ಲ, ಸಾಕು ಬಿಡ್ರಿ" ಎಂದಿದ್ದರು. ಬಲಗಿವಿಯಲ್ಲಿ ಮಾತ್ರ ಒಂದು ಬಿಳಿ ಹರಳಿನ ಓಲೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ವಿಜಾಪುರದಿಂದ ಮದುವೆಯಾಗಿ ಪುಣೆಗೆ ಬಂದ ದಿನ, ಹೊಸ್ತಿಲಲ್ಲಿ ನಿಂತು ನೋಡಿದ್ದು ಆ ಎರಡು ಕಿವಿಗಳನ್ನೇ. ಮುಖ ನೋಡುವ ಧೈರ್ಯ ಬರಲಿಲ್ಲ.

ಅತ್ತೆ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ. ಪುಣೆಯ ತರಕಾರಿ ಪೇಟೆ ಮಂಡಯಿಯಲ್ಲಿ ಬದನೆಕಾಯಿಯ ಬೆಲೆ ಕೇಳಿ, ಅದು ಹೆಚ್ಚೆನಿಸಿದರೆ ಏನೂ ಹೇಳದೆ ಮಾರುವವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಕೆಯೇ "ಅಸಂ ಬಘೂ ನಕಾ ಆಜೀ", ಹಾಗೆ ನೋಡಬೇಡ ಅಜ್ಜಿ, ಎನ್ನುತ್ತ ಬೆಲೆ ಇಳಿಸಿ, ಮೇಲೆ ಒಂದು ಹಿಡಿ ಕೊತ್ತಂಬರಿಯನ್ನೂ ಹಾಕುತ್ತಿದ್ದಳು. ಅತ್ತೆ ನನಗೆ ಯಾವಾಗಲೂ ಹೇಳುತ್ತಿದ್ದ ಮಾತೊಂದಿತ್ತು: "ಬಾಯಿ ಮಾಡಬ್ಯಾಡ. ಕೇಳು. ಕೇಳಿದ ಮ್ಯಾಲ ಸುಮ್ನ ಕೂಡು."

ಹಾಗೆ ಕೂಡುವುದು ಎಷ್ಟು ಕಷ್ಟ ಎಂಬುದು ನನಗೆ ತಿಳಿದದ್ದು ಪುಣೆಯ ಅಂಚಿನ ಕೊಂಢವಾದಲ್ಲಿ ನಾವು ಹಿಡಿದ ಮನೆಯಲ್ಲಿ.

ಆಗ ನಾನು ಆರು ತಿಂಗಳ ಬಸುರಿ. ಅಲ್ಲಿಯವರೆಗೆ ನಾವು ಮೂವರೂ ನೆಂಟರ ಮನೆಯ ಒಂದು ಕೋಣೆಯಲ್ಲಿದ್ದೆವು. ಮಗು ಬರುವ ಮೊದಲು ನಮ್ಮದೇ ಒಂದು ಬಾಡಿಗೆ ಮನೆ ಬೇಕೆಂದು ನಮ್ಮ ಯಜಮಾನರು ಒಬ್ಬ ದಲಾಲನನ್ನು ಹಿಡಿದರು. ಸೊಲ್ಲಾಪುರದ ಕಡೆಯವನು, ಕನ್ನಡ ಮಾತಾಡುತ್ತಿದ್ದ. ಬಿಳಿ ಟೆರಿಕಾಟ್ ಅಂಗಿ, ಬಾಯಿ ತುಂಬ ಪಾನು, ನಗುಮುಖ. ಊರಿಂದ ದೂರ ಬಂದವರಿಗೆ ತಮ್ಮ ಭಾಷೆ ಕಿವಿಗೆ ಬಿದ್ದರೆ ಸಾಕು, ಅರ್ಧ ನಂಬಿಕೆ ಅಲ್ಲೇ ಬಂದುಬಿಡುತ್ತದೆ. ಉಳಿದರ್ಧ, ಅವನು ಕೊಂಢವಾದ ಆ ಮನೆಯಲ್ಲಿ ನಳ ತಿರುಗಿಸಿ ತೋರಿಸಿದಾಗ ಬಂತು. ನೀರು ಧೋ ಎಂದು ಸುರಿಯಿತು. "ನೋಡ್ರಿ ಸಾಹೇಬ್ರ, ಇಪ್ಪತ್ನಾಕು ತಾಸೂ ಹಿಂಗ" ಎಂದ. ಯಜಮಾನರು ಮಾಲಕನ ಮುಂಗಡವನ್ನೂ ಅರ್ಧ ದಲಾಲಿಯನ್ನೂ ಅಲ್ಲೇ ಕೊಟ್ಟರು. ಉಳಿದದ್ದನ್ನು ಮನೆ ಸೇರಿದ ಮೇಲೆ ಕೊಡುವುದೆಂದು ಮಾತಾಯಿತು.

ನಾವು ಸಾಮಾನು ಇಳಿಸಿದ ಮರುದಿನವೇ ನಳ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಯಜಮಾನರು ಮಾಳಿಗೆ ಹತ್ತಿ ನೋಡಿದರೆ ನಳಕ್ಕೆ ಜೋಡಿಸಿದ ಒಂದು ತಗಡಿನ ಪೀಪಾಯಿ ಇತ್ತು. ಮನೆ ತೋರಿಸುವ ದಿನ ಅದರಲ್ಲಿ ನೀರು ತುಂಬಿಸಿದ್ದರು, ಅಷ್ಟೇ. ಆ ಮನೆಗೆ ನೀರಿನ ಜೋಡಣೆಯೇ ಇರಲಿಲ್ಲ. ಮಾಲಕ ಇರುವುದು ಮುಂಬೈಯಲ್ಲಿ. ದಲಾಲನಿಗೆ ಹೇಳಿ ಕಳಿಸಿದರೆ ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂಬ ಉತ್ತರ.

ಮನೆಯ ಹಿಂದೆ, ಕಲ್ಲುದಿಬ್ಬದ ಕೆಳಗೆ ಒಂದು ಬಾವಿ ಇತ್ತು. ಅಲ್ಲಿ ಹೊಸ ಕಟ್ಟಡ ಕಟ್ಟುತ್ತಿದ್ದ ಕೂಲಿಯವರು ಅದರ ನೀರನ್ನೇ ಸೇದುತ್ತಿದ್ದರು. ಎಲ್ಲ ಕಲಬುರ್ಗಿ ಕಡೆಯವರು. ಅತ್ತೆ ಬೆಳಗ್ಗೆ ಒಂದು ಕೊಡ ತಲೆಯ ಮೇಲೆ, ಒಂದು ಸೊಂಟದಲ್ಲಿ ಇಟ್ಟುಕೊಂಡು ದಿಬ್ಬ ಹತ್ತಿ ಬರುತ್ತಿದ್ದರು. ನಾನು ಕೊಡಕ್ಕೆ ಕೈ ಹಾಕಿದರೆ, "ನಿನ್ನ ಹೊಟ್ಟ್ಯಾಗ ಒಂದ ಕೊಡ ಹೊತ್ತೀ, ಅಷ್ಟ ಹೊರು" ಎಂದು ಒಳಗೆ ಕಳಿಸುತ್ತಿದ್ದರು. ರಾತ್ರಿ ಅವರು ಮಗ್ಗುಲು ಬದಲಿಸುವಾಗ ನರಳುವುದು ಕೇಳಿಸುತ್ತಿತ್ತು. ಹಗಲು ಮಾತ್ರ ಒಂದು ಮಾತಿಲ್ಲ.

ಮನೆಯ ಕಡೆ ಬಾರದ ದಲಾಲ ಉಳಿದ ದಲಾಲಿಗಾಗಿ ಯಜಮಾನರ ಕಚೇರಿಗೇ ಹೋದ. ಎಲ್ಲರೆದುರು, ನಮ್ಮ ಭಾಷೆಯವರೇ ನಮಗೆ ಮೋಸ ಮಾಡುತ್ತಾರೆ ಎಂದು ಮರಾಠಿಯಲ್ಲಿ ಕೂಗಾಡಿದ. ಯಜಮಾನರು ಮನೆಗೆ ಬಂದಾಗ ಮುಖ ಕಪ್ಪಿಟ್ಟಿತ್ತು.

"ಕೊಟ್ಟು ಕಳಸೂಣ ಅವ್ವ. ಮರ್ಯಾದಿ ಹೋಗ್ತದ" ಎಂದರು.

ಅತ್ತೆ ಜೋಳ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಮರ್ಯಾದಿ ಅವಂದು ಹೋಗಬೇಕು, ನಿಂದ್ಯಾಕ ಹೋಗ್ತದ? ಐತವಾರ ಊಟಕ್ಕ ಕರಿ ಅವನ್ನ. ರೊಕ್ಕದ ಮಾತು ನಮ್ಮವ್ವ ಆಡ್ತಾಳ ಅಂತ ಹೇಳು."

ರವಿವಾರ ಅವನು ಬಂದ. ಅದೇ ಬಿಳಿ ಅಂಗಿ. ಅತ್ತೆ ಬಿಸಿ ರೊಟ್ಟಿ ಬಡಿದರು. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ಅನ್ನ. ತಂಬಿಗೆಯಲ್ಲಿ ಕುಡಿಯುವ ನೀರೂ ಇಟ್ಟರು. "ಇನ್ನೊಂದ ಹಾಕ್ತೀನಿ, ನಾಚಬ್ಯಾಡ್ರಿ" ಎಂದು ನಿಜವಾದ ಉಪಚಾರ ಮಾಡಿದರು. ಅವನು ಅವರ ಕೈಗುಣವನ್ನು ಹೊಗಳುತ್ತ ಉಂಡ, ತಂಬಿಗೆಯ ನೀರನ್ನೂ ಪೂರ್ತಿ ಕುಡಿದ. ಉಂಡು ಎದ್ದು ಬಚ್ಚಲಿಗೆ ಹೋದ. ನಳ ತಿರುಗಿಸಿದ ಸದ್ದಾಯಿತು. ಬುಸ್ ಎಂದಿತು.

"ಅವ್ವಾರ, ಕೈಗೆ ನೀರು?"

"ನಳಾ ತಿರುವ್ರಿ. ನೀವ ತೋರಿಸಿದ ನಳಾ ಅದು."

"ಬರವಲ್ದು."

"ಬರ್ತದ, ಕೂಡ್ರಿ. ಇಪ್ಪತ್ನಾಕು ತಾಸೂ ಬರ್ತದ ಅಂದೀರಲ್ಲ."

ಅವನು ಹೊರಬಂದು ನಕ್ಕ. ಅತ್ತೆ ನಗಲಿಲ್ಲ. ಒಂದು ಮೊಣಕಾಲು ಎತ್ತಿ ಗೋಡೆಗೆ ಒರಗಿ ಕೂತು ಅವನ ಮುಖ ನೋಡತೊಡಗಿದರು. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಅವನ ಬಲಗೈಗೆ ಎಣ್ಣೆ, ಮೊಸರು, ಅನ್ನ ಎಲ್ಲ ಮೆತ್ತಿ ಒಣಗುತ್ತಿತ್ತು. ಆ ಕೈಯನ್ನು ಅಂಗಿಗೆ ತಾಗದಂತೆ ಮುಂದೆ ಹಿಡಿದುಕೊಂಡೇ ಅವನು ಸಿಟ್ಟಿಗೆದ್ದ.

"ನಾ ನನ್ನ ಹಕ್ಕಿನ ರೊಕ್ಕ ಕೇಳಾಕ ಬಂದೀನ್ರಿ. ಮನಿ ಕೊಡಿಸಿಲ್ಲೇನು? ಮಾಲಕಗ ಒಂದು ಮಾತು ಹೇಳಿದ್ರ ನಿಮ್ಮ ಸಾಮಾನ ಹೊರಗ ಬೀಳ್ತದ."

ಯಜಮಾನರು ಎದ್ದು ನಿಂತರು. ಅತ್ತೆ ಕೈಸನ್ನೆಯಿಂದಲೇ ಅವರನ್ನು ಕೂಡಿಸಿದರು.

"ಬೀಳಲಿ. ನೀರಿಲ್ಲದ ಮನ್ಯಾಗ ಸಾಮಾನ ಒಳಗಿದ್ರೇನು, ಹೊರಗಿದ್ರೇನು? ನೀವು ಹಕ್ಕಿನ ರೊಕ್ಕ ಕೇಳ್ರಿ. ನಾನು ಹಕ್ಕಿನ ನೀರು ಕೇಳ್ತೀನಿ. ಯಾವುದು ಮೊದಲ ಬರ್ತದ ನೋಡೂಣು."

ಬಾಗಿಲು ತೆರೆದೇ ಇತ್ತು. ಅವನು ಹೋಗಬಹುದಿತ್ತು. ಆದರೆ ಉಂಡ ಮನೆಯಿಂದ ಎಂಜಲು ಕೈಯಲ್ಲಿ, ಓಣಿಯ ಮಂದಿ ನೋಡುತ್ತಿರುವಾಗ ಹೋಗುವುದು ಹೇಗೆ? ಅವನಿಗೆ ಆಗಲಿಲ್ಲ. ಅದು ಆಗದೆಂದು ಅತ್ತೆಗೆ ಗೊತ್ತಿತ್ತು. ಕೆಟ್ಟವನು ಎಂದು ನಾವೆಲ್ಲ ಬೈದುಕೊಂಡ ಮನುಷ್ಯನಲ್ಲೂ ಉಳಿದಿದ್ದ ಒಂದು ನಾಚಿಕೆಯನ್ನು ಅವರೊಬ್ಬರೇ ಗುರುತಿಸಿದ್ದರು.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಹೇಳಿದರು: "ಕೊಡ ಅಲ್ಲೈತಿ. ಬಾವಿ ದಿಬ್ಬದ ಕೆಳಗೈತಿ. ನಾ ದಿನಾ ಹೋಗೂ ಹಾದಿ."

ಅವನು ಯಜಮಾನರನ್ನು ನೋಡಿದ, ನನ್ನನ್ನು ನೋಡಿದ, ನನ್ನ ಹೊಟ್ಟೆಯನ್ನೂ ನೋಡಿದ. ಎಡಗೈಯಲ್ಲಿ ಕೊಡ ಎತ್ತಿಕೊಂಡು ಇಳಿದ. ಬಾವಿಯ ಹತ್ತಿರ ಕೂಲಿ ಹೆಂಗಸರು ನಕ್ಕದ್ದು ನಮಗೆ ಕೇಳಿಸಿತು. ಅವನು ತಿರುಗಿ ಬಂದಾಗ ಅಂಗಿ ತೊಯ್ದು ಮೈಗೆ ಅಂಟಿತ್ತು, ಉಸಿರು ಹತ್ತಿತ್ತು, ಕೊಡದಲ್ಲಿ ಮುಕ್ಕಾಲು ನೀರು ಉಳಿದಿತ್ತು. ಅತ್ತೆ ಎದ್ದು ತಾವೇ ತಂಬಿಗೆ ಹಿಡಿದು ಅವನ ಕೈಗೆ ನೀರು ಹಾಕಿದರು, ಒರೆಸಿಕೊಳ್ಳಲು ಪಂಜೆ ಕೊಟ್ಟರು.

"ಅವ್ವಾ," ಎಂದ ಅವನು. ಅವ್ವಾರ ಅಲ್ಲ, ಅವ್ವಾ. "ದಿನಾ ನೀವ ತರ್ತೀರೇನು?"

"ಮತ್ಯಾರು ತರಬೇಕು? ಈ ಹುಡುಗಿ ಜಾರಿ ಬಿದ್ರ ನೀವು ಬರ್ತೀರೇನು ಎತ್ತಾಕ?"

ಅವನು ಪಂಜೆಯನ್ನು ಮಡಚಿ ಕೊಡದ ಪಕ್ಕದಲ್ಲಿಟ್ಟ.

"ನಿಮ್ಮ ರೊಕ್ಕ ನಾ ನುಂಗೂದಿಲ್ಲ. ನೀರಿರೂ ಮನಿ ತೋರಸ್ರಿ. ಇಲ್ಲಿ ಮುಂಗಡ ತಿರುಗಿ ಕೊಡಸ್ರಿ. ಆ ಮನ್ಯಾಗ ನಾ ಮುಂಜಾನಿಂದ ಸಂಜೀತನಕ ಕೂತು ನೋಡ್ತೀನಿ. ಆಮ್ಯಾಲ ಕೊಡ್ತೀನಿ."

ಅವನು ಮಾಲಕನಿಂದ ಮುಂಗಡ ತಿರುಗಿ ಕೊಡಿಸಿದ, ಸದಾಶಿವ ಪೇಠದ ಒಂದು ವಾಡೆಯಲ್ಲಿ, ಹಲವು ಬಿಡಾರಗಳಿದ್ದ ಹಳೆಯ ತೊಟ್ಟಿಮನೆಯಲ್ಲಿ, ಎರಡು ಕೋಣೆ ಹುಡುಕಿದ. ಅತ್ತೆ ಹೇಳಿದಂತೆಯೇ ಬುತ್ತಿ ಕಟ್ಟಿಕೊಂಡು ಹೋಗಿ ಆ ವಾಡೆಯ ಅಂಗಳದಲ್ಲಿ ನಳದ ಎದುರು ಕೂತರು. ತಮ್ಮ ಕನ್ನಡ ಬೆರೆತ ಮರಾಠಿಯಲ್ಲೇ, ನೀರು ಎಷ್ಟಕ್ಕೆ ಬರುತ್ತದೆ, ಯಾರ ಸೊಸೆ ಹೇಗೆ, ಎಲ್ಲ ತಿಳಿದುಕೊಂಡು, ಸಂಜೆ ಬರುವಾಗ ಅಲ್ಲಿಯ ಹೆಂಗಸರಿಂದ ಕುಂಬಳಕಾಯಿ ಹೋಳೊಂದನ್ನು ಇಸಕೊಂಡು ಬಂದರು. ನಮಗೆ ಕೊಟ್ಟ ತ್ರಾಸಿಗಾಗಿ ದಲಾಲಿಯಲ್ಲಿ ಸ್ವಲ್ಪ ಹಿಡಿಯೋಣ ಎಂದರು ಯಜಮಾನರು. ಅತ್ತೆ ಒಪ್ಪಲಿಲ್ಲ.

"ಈಗ ಕೆಲಸ ಮಾಡ್ಯಾನ. ಮಾಡಿದ ಕೆಲಸದ್ದು ಹಿಡಕೊಂಡ್ರ ನಾವೂ ಅವನ ಹಂಗ ಆದ್ವಿ."

ಪೂರ್ತಿ ಕೊಟ್ಟರು. ಅವನು ತೆಗೆದುಕೊಂಡು ಅವರ ಕಾಲು ಮುಟ್ಟಿದ. ಅತ್ತೆ ಆಶೀರ್ವಾದ ಮಾಡಲಿಲ್ಲ. "ಇನ್ನ ಮ್ಯಾಲ ಪೀಪಾಯಿ ತುಂಬಸಬ್ಯಾಡ" ಎಂದರು, ಅಷ್ಟೇ.

ಆ ವಾಡೆಯಲ್ಲೇ ನನ್ನ ಮಗಳು ಹುಟ್ಟಿದಳು. ಅವಳಿಗೆ ಎರಡು ವರ್ಷ ತುಂಬಿದಾಗ ಕನ್ನಡ ಶಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕುವ ಮಾತು ಬಂತು. ಅತ್ತೆ ಒಂದೇ ಮಾತಿನಲ್ಲಿ ಬೇಡ ಎಂದರು. ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ. ಆಮೇಲೆ ಮುಖ ತೊಳೆದುಕೊಂಡು ಬಂದು ಅವರೆದುರು ಕೂತೆ.

"ಬ್ಯಾಡ ಅಂದ್ರಿ. ಯಾಕ ಬ್ಯಾಡ ಹೇಳ್ರಿ ಅತ್ತಿ. ನೀವು ಹೇಳೂತನಕ ನಾ ಇಲ್ಲೇ ಕೂತಿರ್ತೀನಿ."

ಅವರು ನೋಡಿದರು. ಮಂಡಯಿಯ ಹೆಂಗಸು ತಡೆಯಲಾರದ ನೋಟವದು. ನಾನು ಕಣ್ಣು ಕೆಳಗಿಳಿಸಲಿಲ್ಲ. ಆಗ ಅವರ ತುಟಿಯ ಕೊನೆಯಲ್ಲಿ ನಗು ಬಂತು.

"ನನ್ನ ಮ್ಯಾಲೇ ಶುರು ಮಾಡಿದೇನು?" ಎಂದು ಎದ್ದು ಕೂಸನ್ನು ಎತ್ತಿಕೊಂಡರು. "ಹೋಗು. ಎಷ್ಟಕ್ಕ ಬರ್ತಿ, ಅದನ್ನ ಹೇಳಿ ಹೋಗು."

ಆಮೇಲೆ ನಾನು ದುಡಿಯಲು ಹೋಗುವಾಗ ಮಗಳನ್ನು ಬೆಳೆಸಿದವರು ಅವರೇ. ಮಗಳು ಎರಡನೆಯ ಇಯತ್ತೆಯಲ್ಲಿದ್ದಾಗ, ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದರೆ ವಾಡೆಯ ಅಂಗಳದಲ್ಲಿ ಮಂದಿ ನೆರೆದಿದ್ದರು. ಅತ್ತೆ ಚಾಪೆಯ ಮೇಲೆ ಮಲಗಿದ್ದರು. ಮಲಗಿದವರು ಏಳಲೇ ಇಲ್ಲ ಎಂದರು ನೆರೆಯವರು.

ಮಗಳು ನನ್ನ ಸೆರಗು ಜಗ್ಗಿದಳು. "ಅಜ್ಜಿ ನಿನ್ನ ಊಟ ತಗದಿಟ್ಟು ಮಲಗ್ಯಾಳ."

ಅಡುಗೆಮನೆಯಲ್ಲಿ ತಟ್ಟೆ ಮುಚ್ಚಿಟ್ಟಿತ್ತು. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ನನಗೆ ಇಷ್ಟವೆಂದು ಒಂದು ಹಸಿ ಈರುಳ್ಳಿ. ಹೆಣ ಮನೆಯಲ್ಲಿರುವಾಗ ಉಣ್ಣಬಾರದು, ಅದನ್ನು ಹೊರಗೆ ಚೆಲ್ಲಿಬಿಡು ಎಂದರು ಹಿರಿಯರೊಬ್ಬರು. ಯಾಕೆ ಎಂದು ಕೇಳಿದೆ. ಅವರು ಹೊರಗಿನ ಮಂದಿಯ ಕಡೆ ತಿರುಗಿದರು. ನಾನು ಒಳಗಿನಿಂದ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು, ಒಂದು ತುತ್ತೂ ಬಿಡದೆ ಉಂಡೆ.