ಕೀತ್ ಟ್ರೆಲೋರನ ಚಿಲಕ

ಕೀತ್ ಟ್ರೆಲೋರ್ ಮೂವತ್ತೆಂಟು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಕೆಟ್ಟದ್ದನ್ನು ಎಸೆದು ಹೊಸದು ತರುವುದು ಅವನಿಗೆ ಸೋಮಾರಿಗಳ ಕೆಲಸ. ನಿವೃತ್ತನಾದ ಮೇಲೆ ಆಸ್ಟ್ರೇಲಿಯಾದ ವಿಮ್ಮೆರಾ ಸೀಮೆಯ ಆ ಗೋಧಿ ಬೆಳೆಯುವ ಊರಿನಲ್ಲಿ ಎಲ್ಲರ ಬೀಗ, ಪಂಪು, ಹುಲ್ಲು ಕತ್ತರಿಸುವ ಯಂತ್ರ ಅವನ ಷೆಡ್ಡಿಗೇ ಬರುತ್ತಿದ್ದವು. ಕಳೆದ ಆಗಸ್ಟಿನಲ್ಲಿ ಅವನನ್ನು ಮಣ್ಣು ಮಾಡಿದಾಗ ಆ ಷೆಡ್ಡು ಖಾಲಿಯಿತ್ತು.

ಐದು ವರ್ಷದ ಹಿಂದೆ ಊರಿನ ಹಳೆ ಮಿಲಿಟರಿ ಗಾಡಿಗಳ ಕ್ಲಬ್ಬು ಒಂದು ಫೆರೆಟ್ ಕೊಂಡಿತು. ಉಕ್ಕಿನ ಮೈಯ, ನಾಲ್ಕು ಗಾಲಿಯ ಪುಟ್ಟ ಯುದ್ಧಗಾಡಿ. ಅದರ ಭಾರದ ಮೇಲ್ಮುಚ್ಚಳ ತೆರೆದು ನಿಲ್ಲಬೇಕಾದರೆ ಚಿಲಕದ ಮೊಳೆಯನ್ನು ಸ್ಪ್ರಿಂಗ್ ತಳ್ಳಿ ಗೂಡಿನೊಳಗೆ ಕೂರಿಸಬೇಕು. ಮೊಳೆ ಸವೆದಿತ್ತು, ಗೂಡು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಸ್ಪ್ರಿಂಗ್ ಸೋತಿತ್ತು. ಅಧ್ಯಕ್ಷ ಗ್ರೇಮ್ ಹೊಸ ಚಿಲಕ ತರಿಸೋಣವೆಂದ. ಕೀತ್ ಒಪ್ಪಲಿಲ್ಲ. ಗೂಡನ್ನು ಕೊರೆದು ಕಂಚಿನ ಬಳೆ ಕೂರಿಸಿದ. ಲೇತಿನಲ್ಲಿ ಹೊಸ ಮೊಳೆ ಕಡೆದು, ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ. ಪಿಯಾನೊ ತಂತಿಯಿಂದ ಸ್ಪ್ರಿಂಗ್ ಸುತ್ತಿದ. ಐದು ವಾರ ಹಿಡಿಯಿತು. ಮೊಳೆಗೂ ಬಳೆಗೂ ನಡುವೆ ಸಿಗರೇಟು ಕಾಗದದಷ್ಟೇ ಸಂದು. ಅಲ್ಲಿಗೆ ಬಣ್ಣ ತಾಗಬಾರದೆಂದು ಬಿಳಿ ಟೇಪು ಅಂಟಿಸಿ ಎಲ್ಲರಿಗೂ ಹೇಳಿದ.

ಮಡಿದ ಯೋಧರನ್ನು ನೆನೆಯುವ ಆಂಜಾಕ್ ದಿನದ ಮೆರವಣಿಗೆಗೆ ಗಾಡಿಗೆ ಬಣ್ಣ ಬಳಿದವನು ರೆಕ್ಸ್ ಮೋಫಟ್. ಕೀತನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮೆರವಣಿಗೆಯಲ್ಲಿ ಮುಚ್ಚಳ ತೆರೆದು ಮೈ ಹೊರಹಾಕಿ ನಿಂತವನೂ ಅವನೇ. ಬೇಕರಿಯ ಮುಂದೆ ಗಾಡಿ ಕುಲುಕಿತು, ಮುಚ್ಚಳ ಬಿತ್ತು. ಅಂಚು ಹಿಡಿದಿದ್ದ ರೆಕ್ಸನ ಬಲಗೈಯ ಮೂರು ಬೆರಳು ಹೋದವು.

ಕೀತನ ಚಿಲಕ ಕೈಕೊಟ್ಟಿತೆಂಬ ಮಾತು ಮಧ್ಯಾಹ್ನದೊಳಗೆ ಪಬ್ಬಿಗೆ ಮುಟ್ಟಿತು. ಮೂರನೆಯ ದಿನ ಅವನೇ ಹೋಗಿ ಚಿಲಕ ಬಿಚ್ಚಿದ. ಟೇಪು ಇರಲಿಲ್ಲ. ಬಳೆಯ ಒಳಗೆ ಹಸಿರು ಬಣ್ಣ ಒಣಗಿ ಗಟ್ಟಿಯಾಗಿ, ಮೊಳೆ ಅರ್ಧಕ್ಕೇ ನಿಂತಿತ್ತು. ಹೊರಗಿನಿಂದ ನೋಡಿದವರಿಗೆ ಸರಿಯಾಗಿ ಕೂತಂತೆಯೇ ಕಾಣಬೇಕು. ಅದನ್ನು ಗ್ರೇಮನ ಮೇಜಿನ ಮೇಲಿಟ್ಟ.

ಗ್ರೇಮ್ ತಿರುಗಿಸಿ ತಿರುಗಿಸಿ ನೋಡಿದ. "ಬೆರಳು ಹೋದವನ ಹತ್ರ ಹೋಗಿ ತಪ್ಪು ನಿಂದೇ ಅಂತ ನಾನು ಹೇಳ್ಲಾ? ನಿಂಗೆ ಆಗತ್ತಾ ಕೀತ್?"

ಕೀತನಿಗೂ ಆಗಲಿಲ್ಲ. ಚಿಲಕ ಎತ್ತಿಕೊಂಡು ಷೆಡ್ಡಿಗೆ ಮರಳಿದ. ಕ್ಲಬ್ಬಿನ ದಾಖಲೆಯಲ್ಲಿ ದುರಸ್ತಿ ಸರಿಯಿರಲಿಲ್ಲವೆಂದು ಬರೆದರು. ಷೆಡ್ಡಿಗೆ ಬರುವ ಯಂತ್ರಗಳು ಒಂದೊಂದಾಗಿ ನಿಂತವು. ಪಬ್ಬಿನಲ್ಲಿ ಅವನು ಎದ್ದರೆ ಯಾರಾದರೂ, "ಬಾಗಿಲು ನೀನು ಮುಟ್ಬೇಡಪ್ಪಾ, ನಮಗೆ ಬೆರಳು ಬೇಕು" ಎನ್ನುತ್ತಿದ್ದರು. ಅವನೂ ನಕ್ಕು ಹೊರಗೆ ಬರುತ್ತಿದ್ದ.

ಕ್ರಿಸ್ಮಸ್ ಕಳೆದ ಮೇಲೆ ರೆಕ್ಸ್ ಷೆಡ್ಡಿಗೆ ಬಂದ. "ಬೈಯೋಕೆ ಬಂದಿಲ್ಲ ಕಣೋ. ಎಲ್ಲಿ ತಪ್ಪಿದೆ ಅಂತ ತಿಳ್ಕೋಬೇಕು, ಅಷ್ಟೆ."

ಕೇಳಿದವನಿಗೆ ಸುಳ್ಳು ಹೇಳುವುದು ಕೀತನಿಂದಾಗದು. ಚಿಲಕವನ್ನು ರೆಕ್ಸನ ಎಡಗೈಗೆ ಕೊಟ್ಟ. ರೆಕ್ಸ್ ಆ ಹಸಿರನ್ನು ಉಗುರಿನಿಂದ ಕೆರೆದು ನೋಡಿದ.

"ಟೇಪು ಫೋಟೊದಲ್ಲಿ ಕಾಣತ್ತೆ ಅಂತ ನಾನೇ ಕಿತ್ತಿದ್ದು."

"ಹೂಂ."

"ಕ್ಲಬ್ಬಿನ ಸಭೇಲಿ ನಾನೇ ಹೇಳ್ತೀನಿ. ಅಲ್ಲೀವರೆಗೂ ಸುಮ್ನಿರು."

ಫೆಬ್ರವರಿಯ ವಾರ್ಷಿಕ ಸಭೆಗೆ ಕೀತ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಎರಡನೆಯ ಸಾಲಿನಲ್ಲಿ ಕೂತ. ಬೇರೆ ವಿಷಯವೇನಾದರೂ ಇದೆಯೇ ಎಂದು ಗ್ರೇಮ್ ಕೇಳಿದಾಗ ರೆಕ್ಸ್ ಎದ್ದ. ಇಡೀ ಸಭೆ ಅವನ ಕೈಯನ್ನೇ ನೋಡಿತು. ಫೆರೆಟ್ಟಿನ ಮುಚ್ಚಳವನ್ನು ವೆಲ್ಡ್ ಮಾಡಿ ಮುಚ್ಚಿಬಿಡುವುದು ಒಳ್ಳೆಯದೆಂದು ಸೂಚಿಸಿ ಕೂತುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೀತ್ ಇನ್ನೂ ಸ್ವಲ್ಪ ಹೊತ್ತು ಕಾದ. ಚಹಾ, ಲ್ಯಾಮಿಂಗ್ಟನ್ ಕೇಕು ಬಂದವು. ಎದ್ದು ಮನೆಗೆ ಹೋದ.

ಮರುವರ್ಷವೂ ಹೋಗಿದ್ದ, ಅದೇ ಸಾಲಿನಲ್ಲಿ ಕೂತಿದ್ದ. ಆಮೇಲೆ ಹೋಗಲಿಲ್ಲ. ನೀನೇ ಬಾಯಿಬಿಟ್ಟು ಹೇಳೆಂದ ಮನೆಯವರಿಗೆ, ಮಾತು ಕೊಟ್ಟವನು ರೆಕ್ಸ್, ಹೇಳಬೇಕಾದವನೂ ಅವನೇ ಎಂದಷ್ಟೇ ಅನ್ನುತ್ತಿದ್ದ.

ಸೆಪ್ಟೆಂಬರಿನ ಕ್ಲಬ್ಬಿನ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬಂದಿದೆ. ಒಂದು ತಪ್ಪನ್ನು ಬಿಟ್ಟರೆ ಕೀತನಂಥ ಕೆಲಸಗಾರ ಈ ಜಿಲ್ಲೆಯಲ್ಲಿರಲಿಲ್ಲ, ಆ ತಪ್ಪನ್ನು ನಾನು ಎಂದೋ ಕ್ಷಮಿಸಿದ್ದೇನೆ ಎಂದಿದೆ. ಕೆಳಗೆ ರೆಕ್ಸ್ ಮೋಫಟನ ಹೆಸರಿದೆ.