ರೋಸಮ್ಮನ ಬೀಡಿನ ಪ್ಯಾನು

ಬೆಂಗಳೂರಿಗೆ ಬಂದ ಮೊದಲ ಬೆಳಿಗ್ಗೆ ಬ್ರೆಡ್ ತರಲು ಹೋಗಿ ಬರಿಗೈಯಲ್ಲಿ ವಾಪಸಾದೆ. ನಾನು ಕನ್ನಡದಲ್ಲಿ ಕೇಳಿದೆ. ಬೇಕರಿಯವರು ತಮಿಳಿನಲ್ಲಿ ಏನೋ ಮರುಪ್ರಶ್ನೆ ಹಾಕಿದರು. ಪಕ್ಕದ ಗಿರಾಕಿ ಅದನ್ನು ಉರ್ದುವಿನಲ್ಲಿ ಬಿಡಿಸಿ ಹೇಳಿದ. ಕೊನೆಗೆ ಇಬ್ಬರೂ ಇಂಗ್ಲಿಷಿಗೆ ಹೊರಳಿದರು. ಸಿಹಿಯದೋ ಸಪ್ಪೆಯದೋ ಎಂಬುದಷ್ಟೇ ಪ್ರಶ್ನೆ ಎಂದು ಹೊಳೆಯುವ ಹೊತ್ತಿಗೆ ನಾನು ರಸ್ತೆಗೆ ಇಳಿದಿದ್ದೆ. ರಾಜ್ಯದ ಗಡಿ ದಾಟದೆಯೇ ಪರದೇಶಕ್ಕೆ ಬಂದಿದ್ದೆ.

ನಾನು ಬೆಳಗಾವಿಯವನು. ಇಪ್ಪತ್ತೆಂಟು ವರ್ಷ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟಿದವನು. ಪುಪ್ಪುಸ ಕೆಟ್ಟಿತು, ಧೂಳಿನ ಕೆಲಸ ಇನ್ನು ಬೇಡ ಎಂದರು ಡಾಕ್ಟರು. ಅದೇ ವರ್ಷ ರೈಲ್ವೆಯಲ್ಲಿರುವ ಹೆಂಡತಿ ಶಾಂತಾಳಿಗೆ ಬೈಯಪ್ಪನಹಳ್ಳಿಗೆ ವರ್ಗವಾಯಿತು. ಕಾಕ್ಸ್ ಟೌನಿನ ಹಳೆಯ ಮನೆಯೊಂದರ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ಅವಳು ಕೆಲಸಕ್ಕೆ ಹೊರಟರೆ ಅಡುಗೆಮನೆ ನನ್ನದು. ಅಲ್ಲಿ ಕಾದ ಕಬ್ಬಿಣ ಸುರಿದ ಕೈಯಲ್ಲಿ ಇಲ್ಲಿ ಉಪ್ಪಿಟ್ಟು ಕೂಡ ತಳ ಹಿಡಿಯುತ್ತಿತ್ತು. ಅಲ್ಲಿ ಬೀದಿಗೆ ಬಂದರೆ ನಾಲ್ಕು ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ಇಲ್ಲಿ ಸಂಜೆ ಶಾಂತಾ ಬರುವತನಕ ನನ್ನ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ.

ಹೊತ್ತು ಹೋಗದೆ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಅಲೆಯತೊಡಗಿದೆ. ಒಂದು ದಿನ ರಹಮತ್ ಭಾಯಿಯ ಅಂಗಡಿಯಲ್ಲಿ, ಹಳೆಯ ನಲ್ಲಿಗಳ ರಾಶಿಯಡಿ, ದಪ್ಪನೆಯ ಫ್ರೈಪ್ಯಾನೊಂದು ಕಂಡಿತು. ಹಿಡಿಕೆಯೂ ಸೇರಿ ಒಂದೇ ಎರಕದಲ್ಲಿ ಮೂಡಿದ್ದು. ನಮ್ಮ ಕಡೆ ಎರಕದ ಕಬ್ಬಿಣಕ್ಕೆ ಬೀಡು ಎನ್ನುತ್ತೇವೆ. ತಿರುಗಿಸಿ ನೋಡಿದೆ. ತಳದಲ್ಲಿ ಉದ್ದಕ್ಕೆ ಗಾಯದಂಥ ಗೆರೆ. ಕರಗಿದ ಲೋಹ ಅಚ್ಚಿನೊಳಗೆ ಇಳಿದ ಜಾಗ ಅದು. ತುಂಬ ಹಳೆಯ ಕೈಕೆಲಸ. ಈ ಊರಿನಲ್ಲಿ ನನಗೆ ಓದಲು ಬಂದ ಮೊದಲ ಅಕ್ಷರ.

“ದಂಡಿನ ಬಂಗ್ಲೆದು ಸಾರ್, ಬ್ರಿಟಿಷ್ರ ಕಾಲದ್ದು,” ಎಂದ ರಹಮತ್ ಭಾಯಿ. “ಹಳೇ ಮನೆ ಒಡೆದ್ರೆ ಸಾಮಾನೆಲ್ಲ ನಮ್ಮತ್ರಾನೇ ಬರೋದು. ಇದನ್ನ ಯಾರೂ ಕೇಳಲ್ಲ, ಬಹುತ್ ವಜನ್.”

ಆರು ತಿಂಗಳಲ್ಲಿ ಅಂಥ ನಾಲ್ಕು ಪ್ಯಾನು ಕೂಡಿಸಿದೆ. ಡ್ರಿಲ್ಲಿಗೆ ತಂತಿಯ ಬ್ರಷ್ ಸಿಕ್ಕಿಸಿ, ಮೂಗಿಗೆ ಬಟ್ಟೆ ಕಟ್ಟಿ, ಒಂದೊಂದನ್ನೂ ಬೆಳ್ಳಿಯಂತೆ ಉಜ್ಜಿ ಕಪಾಟಿನಲ್ಲಿಟ್ಟೆ. ಅವುಗಳಲ್ಲಿ ಅಡುಗೆ ಮಾಡಬೇಕೆಂದು ಮಾತ್ರ ಅನಿಸಿರಲಿಲ್ಲ.

ಅವನ್ನು ನೋಡಿದ ಮೇಲೆ ಕೆಳಗಿನ ಮನೆಯ ಒಡತಿ ರೋಸಮ್ಮ ತಮ್ಮದೊಂದನ್ನು ತಂದುಕೊಟ್ಟರು. ಎಪ್ಪತ್ತು ದಾಟಿದವರು. ಅವರ ತಾಯಿ ಇಂಗ್ಲಿಷ್ ದೊರೆಗಳ ಬಂಗಲೆಯಲ್ಲಿ ಅಡುಗೆಯವರಾಗಿದ್ದರಂತೆ. ಆ ಮನೆಯವರು ತಮ್ಮ ಸೀಮೆಗೆ ಹಡಗು ಹತ್ತುವಾಗ ಪ್ಯಾನನ್ನು ಆಕೆಗೆ ಬಿಟ್ಟುಹೋದರಂತೆ.

“ಹಿಡಿಕೆ ಹತ್ರ ಸ್ವಲ್ಪ ರಸ್ಟ್ ಬಂದಿದೆ ಬಸವರಾಜ್. ನೋಡ್ತೀರಾ?”

ನಾನು ಬರೀ ಹಿಡಿಕೆ ನೋಡಲಿಲ್ಲ. ಒಳಗಿನ ಕಪ್ಪನ್ನೆಲ್ಲ ಕೊಳೆ ಎಂದುಕೊಂಡು ಇಡೀ ದಿನ ಉಜ್ಜಿ ತೆಗೆದೆ. ಸಂಜೆ ಹೆಮ್ಮೆಯಿಂದ ಅವರ ಮೇಜಿನ ಮೇಲಿಟ್ಟೆ.

ರೋಸಮ್ಮ ಬಹಳ ಹೊತ್ತು ಬೆರಳಿನಿಂದ ಅದರ ಒಳಮೈ ಸವರಿದರು.

“ರಸ್ಟ್ ತೆಗೀರಿ ಅಂದೆ. ಕಪ್ಪು ತೆಗೀರಿ ಅಂದ್ನಾ ನಾನು?”

ಅಷ್ಟೇ ಹೇಳಿ ಒಳಗೆ ಹೋದರು. ದಿನವೂ ಎಣ್ಣೆ ಕುಡಿದು ಕಾದು ಕಾದು ಕೂತ ಆ ಕಪ್ಪಿನಿಂದಲೇ ದೋಸೆ ಅಂಟದೆ ಏಳುತ್ತದೆ ಎಂಬುದು ಬೀಡಿನಲ್ಲೇ ಬದುಕು ಕಳೆದ ನನಗೆ ಗೊತ್ತಿರಲಿಲ್ಲ. ನಾವು ಎರಕ ಹೊಯ್ದು ಲಾರಿಗೆ ಹೇರುವವರು. ಅಡುಗೆಮನೆಗೆ ಹೋದ ಮೇಲೆ ಅದಕ್ಕೇನಾಗುತ್ತದೆಂದು ಯಾರು ಕೇಳಿದ್ದೆವು?

ಶಾಂತಾಳಿಗೆ ಹೇಳಿದೆ. “ಅವರ ತಾಯಿ ಕೈಯಾಗಿಂದು ಅದು. ಹೋಗಿ ತಪ್ಪಾತು ಅನ್ರಿ,” ಎಂದಳು.

ಮರುದಿನ ಹೋಗಿ ಹೇಳಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ನನ್ನ ಕೈಗೆ ಕೊಟ್ಟರು. “ದಿನಾ ಬೆಳಿಗ್ಗೆ ಬನ್ನಿ. ನೀವೇ ಕಪ್ಪು ಮಾಡಿಕೊಡ್ಬೇಕು.”

ಹೀಗೆ ನನ್ನ ಅಡುಗೆಯ ಪಾಠ ಶುರುವಾಯಿತು. ಎಣ್ಣೆ ಹೆಚ್ಚಾದರೆ ಅಂಟಂಟು. ತೆಳ್ಳಗೆ ಸವರಿ, ಹೊಗೆಯಾಡುವಷ್ಟು ಕಾಯಿಸಿ, ಒರೆಸಿ, ಮತ್ತೆ ಸವರಬೇಕು. ಮೊದಲ ವಾರಗಳ ದೋಸೆಗಳೆಲ್ಲ ಹರಿದವು. ಹರಿದದ್ದನ್ನು ನಾವಿಬ್ಬರೂ ಅವರ ಕಾಯಿಚಟ್ನಿಗೆ, ನನ್ನ ಶೇಂಗಾ ಚಟ್ನಿಪುಡಿಗೆ ಹಚ್ಚಿಕೊಂಡು ತಿಂದೆವು. ನನ್ನ ‘ಹಂಗ’, ‘ಹಿಂಗ’ ಕೇಳಿ ಅವರು ನಕ್ಕರು. ಅವರಿಂದ ನಾನು ಒಂದಿಷ್ಟು ತಮಿಳು ಕಲಿತೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದೋಸೆ ತಾನಾಗಿ ಅಂಚು ಬಿಟ್ಟು ಎದ್ದಿತು. ರೋಸಮ್ಮ ಅದನ್ನು ತಟ್ಟೆಗೆ ಹಾಕಿಕೊಂಡು ಪೂರ್ತಿ ತಿಂದರು. “ಪರವಾಗಿಲ್ಲ,” ಎಂದರು.

ಕಳೆದ ಚಳಿಗಾಲ ಅವರ ಒಪ್ಪಿಗೆ ಪಡೆದು ಆ ಪ್ಯಾನನ್ನು ರೈಲಿನಲ್ಲಿ ಬೆಳಗಾವಿಗೆ ಒಯ್ದೆ. ಹಳೆಯ ಗೆಳೆಯರ ಫೌಂಡ್ರಿಯಲ್ಲಿ ಅದನ್ನೇ ಮರಳಿಗೆ ಒತ್ತಿ, ನಾನೇ ಅಚ್ಚು ಕಟ್ಟಿ, ಇನ್ನೊಂದನ್ನು ಎರಕ ಹೊಯ್ದೆ. ಲೋಹ ಆರುವಾಗ ಕುಗ್ಗುತ್ತದೆ. ಹೊಸದು ತುಸು ಚಿಕ್ಕದಾಯಿತು. ಕೈ ಒಂದನ್ನೂ ಮರೆತಿರಲಿಲ್ಲ. ಪುಪ್ಪುಸ ಮಾತ್ರ ಎರಡು ದಿನ ಕೆಮ್ಮಿಸಿ, ನೀನು ಇಲ್ಲಿಯವನಲ್ಲ ಎಂದಿತು.

ಹಳೆಯದು ರೋಸಮ್ಮನಿಗೆ ಮರಳಿತು. ಹೊಸದನ್ನು ತಂಗಿಯ ಮನೆಯಲ್ಲಿ ಬಿಟ್ಟುಬಂದೆ. ಊರಿನಲ್ಲಿ ನನ್ನದು ಅಂತ ಏನಾದರೂ ಇರಲಿ ಎಂದು. ಭಾನುವಾರ ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, “ಎಣ್ಣಿ ಹಚ್ಚಿಯೇನು?” ಎಂದು ಕೇಳುತ್ತೇನೆ.

“ನನ್ನ ಕೈಲೆ ಆಗಂಗಿಲ್ಲಣ್ಣಾ. ನೀನ ಬಂದು ಹಚ್ಚು. ಮನಿಗೆ ಯಾವಾಗ ಬರ್ತಿ?”

ಅಷ್ಟರಲ್ಲೇ ಕೆಳಗಿನಿಂದ ರೋಸಮ್ಮನ ದನಿ ಬರುತ್ತದೆ: “ಬಸವರಾಜ್, ಪ್ಯಾನ್ ಕಾದಿದೆ. ಬರ್ತೀರೋ ಇಲ್ವೋ?”

“ಬಂದೆ,” ಎನ್ನುತ್ತೇನೆ, ಫೋನು ಕಿವಿಯಲ್ಲೇ ಇರುತ್ತದೆ. ಬೆಳಗಾವಿಯಲ್ಲಿ ತಂಗಿ ಅದು ತನಗೇ ಹೇಳಿದ್ದೆಂದು ಖುಷಿಪಡುತ್ತಾಳೆ.