ಗ್ರೇಸ್ ನಿಧಾನವಂತೆ

ಕಳೆದ ವಾರ ನನ್ನ ಪಕ್ಕದ ಮೇಜಿನ ಗ್ರೇಸ್ ಅವರನ್ನು ಕೆಲಸದಿಂದ ತೆಗೆದರು. ಕಳ್ಳತನ ಮಾಡಿರಲಿಲ್ಲ. ಯಾರ ಜೊತೆಗೂ ಜಗಳ ಆಡಿರಲಿಲ್ಲ. ಆಕೆ ನಿಧಾನವಂತೆ.

ಗ್ರೇಸ್ ನಿಧಾನವೇ? (ಬರೆಯುವಾಗಲೂ ಸಿಟ್ಟು ಬರುತ್ತಿದೆ.)

ನಾನು ಕೆಲಸ ಮಾಡುವುದು ನೈರೋಬಿಯ ಒಂದು ಔಷಧಿ ಫ್ಯಾಕ್ಟರಿಯಲ್ಲಿ. ಮಾಲೀಕರು ಭಾರತದವರು, ಆಫೀಸಿನಲ್ಲಿ ಅರ್ಧ ಜನ ನಮ್ಮ ಬೆಂಗಳೂರಿನವರು. ಗ್ರೇಸ್ ಇಲ್ಲಿಯವರೇ. ಸರಕು ಒಯ್ಯುವ ಲಾರಿಗಳಿಗೆ ಬಿಲ್ ಮಾಡಿಕೊಡುವುದು ಆಕೆಯ ಕೆಲಸ. ಹಳೆಯ ಕಂಪ್ಯೂಟರಿನಲ್ಲಿ ಮೌಸ್ ಮುಟ್ಟದೆ, ನನ್ನ ಜೊತೆ ಹರಟುತ್ತಲೇ ಮುಗಿಸುತ್ತಿದ್ದರು. ಡ್ರೈವರ್ ‘ಅಸಾಂಟೆ’ ಎಂದು ಥ್ಯಾಂಕ್ಸ್ ಹೇಳಿ ಬಾಗಿಲು ದಾಟುವಷ್ಟರಲ್ಲಿ ಮುಂದಿನ ಬಿಲ್ ಪ್ರಿಂಟರಿನಿಂದ ಹೊರಬರುತ್ತಿತ್ತು.

ಈ ವರ್ಷ ಎಲ್ಲರಿಗೂ ಹೊಸ ಕಂಪ್ಯೂಟರ್ ಬಂತು. ಹಳೆಯದಕ್ಕಿಂತ ಎಷ್ಟೋ ಫಾಸ್ಟ್ ಎಂದರು ಐಟಿ ನೋಡಿಕೊಳ್ಳುವ ಶ್ರೀಧರ್. ಸುಳ್ಳಲ್ಲ, ಯಂತ್ರ ಫಾಸ್ಟೇ. ಆದರೆ ಅದರ ಮೇಲೆ ಹೇರಿದ್ದೇನು ಕಡಿಮೆಯೇ? ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಆ ಹಳೆಯ ಡಬ್ಬದೊಳಗೇ ಇತ್ತು. ಹೊಸದು ತೆರೆದುಕೊಳ್ಳುವುದು ಬ್ರೌಸರಿನಲ್ಲಿ. ಒಂದೊಂದು ಕ್ಲಿಕ್ಕಿಗೂ ಯಾವುದೋ ದೇಶದ ಸರ್ವರ್ ಅನ್ನು ಕೇಳಿಕೊಂಡು ಬರಬೇಕು. ಜೊತೆಗೆ ಆಂಟಿವೈರಸ್, ಚಾಟ್, ಅಪ್‌ಡೇಟ್. ಚಿಪ್ ಮಾಡುವವರು ಉಳಿಸಿಕೊಟ್ಟ ಸಮಯವನ್ನೆಲ್ಲ ಪ್ರೋಗ್ರಾಂ ಬರೆಯುವವರು ತಿಂದುಹಾಕಿದರು.

ಗ್ರೇಸ್ ಕ್ಲಿಕ್ ಮಾಡಿ ಕೈಕಟ್ಟಿ ಕೂರತೊಡಗಿದರು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ಹೊರಗೆ ಲಾರಿಗಳು ಸಾಲುಗಟ್ಟಿದವು. ಕಂಪನಿಗೆ ಅನುಮಾನ ಬಂತು. ಕಂಪ್ಯೂಟರಿನ ಮೇಲಲ್ಲ, ಮನುಷ್ಯರ ಮೇಲೆ! ಯಾರು ಕೆಲಸ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ನೋಡಲು ಇನ್ನೊಂದು ಸಾಫ್ಟ್‌ವೇರ್ ಹಾಕಿಸಿದರು. ಅದು ಆಗಾಗ ಪರದೆಯ ಫೋಟೊ ತೆಗೆಯುತ್ತದೆ, ಕೀಬೋರ್ಡ್ ಸುಮ್ಮನಿದ್ದರೆ ಗುರುತು ಹಾಕಿಕೊಳ್ಳುತ್ತದೆ. ಆ ಭಾರವೂ ಬಿದ್ದದ್ದು ಅದೇ ಯಂತ್ರದ ಮೇಲೆ. ಕಂಪ್ಯೂಟರ್ ಇನ್ನಷ್ಟು ಕುಂಟಿತು. ಗ್ರೇಸ್ ಕಾದಷ್ಟೂ ಹೊತ್ತು ಸೋಮಾರಿ ಅನ್ನಿಸಿಕೊಂಡರು.

ಆಕೆ ಕಂಪ್ಯೂಟರ್ ಸ್ಲೋ ಎಂದು ದೂರು ಕೊಟ್ಟರು. ಮತ್ತೆ ಮತ್ತೆ ಕೊಟ್ಟರು. ಯಂತ್ರ ಹೊಸದು, ನೀವೇ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಿ ಎಂಬ ಉತ್ತರ ಬಂತು. ನೋಡಲಾಗದೆ ನಾನೇ ಶ್ರೀಧರ್ ಹತ್ತಿರ ಹೋದೆ.

“ಒಂದ್ಸಲ ಬಂದು ಅವರ ಪಕ್ಕ ಕೂತ್ಕೊಂಡು ನೋಡಿ. ಅವರು ಕಾಯ್ತಾ ಇದಾರೆ ಅಷ್ಟೇ, ಕೆಲಸ ಬಿಟ್ಟು ಕೂತಿಲ್ಲ.”

“ಗೊತ್ತು ಮೇಡಂ,” ಎಂದರು ಶ್ರೀಧರ್. “ಆದ್ರೆ ರಿಪೋರ್ಟಲ್ಲಿ ಐಡಲ್ ಅಂತ ಬರುತ್ತೆ. ಸಿಸ್ಟಮ್ಮೇ ಸ್ಲೋ ಅಂತ ನಾನು ಬರೆದ್ರೆ, ಇದನ್ನ ಕೊಡಿಸಿದ್ದು ಯಾರು ಅಂತ ಫಸ್ಟ್ ನನ್ನನ್ನೇ ಕೇಳ್ತಾರೆ.”

ಗೊತ್ತಂತೆ. ಗೊತ್ತಿಲ್ಲ ಎಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮೇಲಿನವರಿಗೂ ಮೇಲ್ ಬರೆದೆ. ನಿಮ್ಮ ಸಲಹೆಗೆ ಧನ್ಯವಾದ ಎಂದು ಉತ್ತರಿಸಿದರು. ಆ ವಾರವೇ ಗ್ರೇಸ್ ಕೈಗೆ ಪತ್ರ ಕೊಟ್ಟರು.

ಆಕೆ ಅಳಲಿಲ್ಲ. ಮಗ್, ಸ್ವೆಟರ್, ಮಗಳ ಫೋಟೊ ಚೀಲಕ್ಕೆ ಹಾಕಿಕೊಂಡರು. ಮಟಾಟು ವ್ಯಾನ್ ಹತ್ತಿಸಲು ಸ್ಟಾಪಿನವರೆಗೆ ನಾನೂ ಹೋದೆ. ವ್ಯಾನ್ ಬರುವುದನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: “ಹಳೆಯ ಕಂಪ್ಯೂಟರ್ ಹೊರಗೆ ಹಾಕಿದ ದಿನವೇ ನನ್ನನ್ನೂ ಹಾಕಬೇಕಿತ್ತು. ಸೋಮಾರಿ ಅನ್ನಿಸಿಕೊಳ್ಳದೆ ಹೋಗುತ್ತಿದ್ದೆ.”

ಈ ಸೋಮವಾರ ಆ ಸೀಟಿಗೆ ನಮ್ಮವರೊಬ್ಬರು ಬಂದರು. ಬೆಂಗಳೂರಿನವರು, ಒಳ್ಳೆಯವರೇ. ಮಧ್ಯಾಹ್ನ ಅವರು ಶ್ರೀಧರ್‌ರನ್ನು ಕರೆದು, “ಏನ್ರೀ ಇದು, ಇಷ್ಟು ಸ್ಲೋ?” ಎಂದರು. ಸಂಜೆಯೊಳಗೆ ಶ್ರೀಧರ್ ಬಂದು ಕಾವಲಿನ ಸಾಫ್ಟ್‌ವೇರ್ ತೆಗೆದು, ಮೆಮೊರಿ ಹೆಚ್ಚಿಸಿ ಹೋದರು.

ಅದೇ ಕಂಪ್ಯೂಟರ್. ಅದೇ ದೂರು. ಆ ಸೀಟಿನಲ್ಲಿ ಕನ್ನಡದವರು ಕೂತರೆ ಮಾತ್ರ ಕೇಳಿಸುತ್ತದೆಯೇ?